ಎಂಜಿನ್ ಕಿರುಚುತ್ತಿದ್ದರೆ ಮೊದಲು ಸ್ಕ್ರೂ ಮುಟ್ಟಬೇಡಿ

(ಮಲೆನಾಡಿನ ಅಡಿಕೆ ಬೆಳೆಗಾರರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವುದು ಹುಲ್ಲು ಕತ್ತರಿಸುವ ಯಂತ್ರದ ಪಿಸ್ಟನ್. 43 ಸಿಸಿ ಎಂಜಿನ್ನಿನದು, ದಪ್ಪ ಒಂದು ಹಣ್ಣಡಿಕೆಯಷ್ಟು. ಇದನ್ನು ಸಾಲಿನಲ್ಲಿ ಕೈಯಿಂದ ಕೈಗೆ ದಾಟಿಸಿ, ಪ್ರತಿಯೊಬ್ಬರೂ ಹೆಬ್ಬೆರಳಿನಿಂದ ಸುತ್ತ ಸವರಿ ನೋಡಿ. ಒಂದು ಪಕ್ಕ ಹೊಸದರಂತೆ ನಯವಾಗಿದೆ. ಇನ್ನೊಂದು ಪಕ್ಕದಲ್ಲಿ ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೀರುಗಳು ಬೆರಳಿಗೆ ತಾಗುತ್ತವೆ. ಗೀರು ಬಿದ್ದಿರುವುದು ಸೈಲೆನ್ಸರ್ ಕಡೆಯ ಮುಖಕ್ಕೆ, ಎಂಜಿನ್ನಿನಲ್ಲಿ ಅತಿ ಹೆಚ್ಚು ಬಿಸಿಯಾಗುವ ಜಾಗಕ್ಕೆ. ರಿಂಗಿನ ಮೇಲೆ ಅಲ್ಯೂಮಿನಿಯಂ ಕರಗಿ ಮೆತ್ತಿಕೊಂಡಿದೆ; ಉಗುರಿನಿಂದ ಕೆದಕಿದರೂ ರಿಂಗ್ ಅಲುಗುವುದಿಲ್ಲ.

ಈ ಯಂತ್ರವನ್ನು ತಂದವರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ: “ನಿನ್ನೆ ಎಂದಿಗಿಂತ ಜೋರಾಗಿ ಓಡುತ್ತಿತ್ತು, ಇದ್ದಕ್ಕಿದ್ದಂತೆ ನಿಂತುಬಿಟ್ಟಿತು.” ಅವರು ಸುಳ್ಳು ಹೇಳಿರಲಿಲ್ಲ. ಪೆಟ್ರೋಲ್ ಸಾಲದೆ ಸಾಯುವ ಎಂಜಿನ್ ಸಾಯುವ ಮುನ್ನ ಹಾಗೆಯೇ ಓಡುತ್ತದೆ. ಶಬ್ದ ತೆಳ್ಳಗಾಗುತ್ತದೆ, ಚೂಪಾಗುತ್ತದೆ, ಹೊಗೆ ಕಡಿಮೆಯಾಗುತ್ತದೆ. ನಡೆಸುವವನಿಗೆ ಅದು ಒಳ್ಳೆಯ ಲಕ್ಷಣದಂತೆ ಕಾಣುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಆ ಶಬ್ದದ ಬಗ್ಗೆ, ಮತ್ತು ಅದನ್ನು ಕೇಳಿದ ತಕ್ಷಣ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನ ಸ್ಕ್ರೂ ತಿರುಗಿಸಲು ಸ್ಕ್ರೂಡ್ರೈವರ್ ಹುಡುಕುವ ನಮ್ಮ ಅಭ್ಯಾಸದ ಬಗ್ಗೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ‘ಲೀನ್ ಆಗಿದೆ’ ಎಂದರೆ ಎಣ್ಣೆ ಕಡಿಮೆಯಾಗಿದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಒಳಗೆ ಹೋದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದಿರುವುದು ಲೀನ್. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆದರೆ ಭಾರ ಹೊತ್ತು ಓಡುವ ಸಣ್ಣ ಎಂಜಿನ್ನಿಗೆ ಈ ಲೆಕ್ಕ ಸಾಲದು. ಅದು ಗ್ರಾಂ ಪೆಟ್ರೋಲಿಗೆ 12ರಿಂದ 13 ಗ್ರಾಂ ಗಾಳಿ ಇರುವ ಮಿಶ್ರಣವನ್ನು ಬಯಸುತ್ತದೆ. ಆ ಹೆಚ್ಚಿನ ಪೆಟ್ರೋಲ್ ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ನಮ್ಮ ಯಂತ್ರಗಳಲ್ಲಿ ಎಣ್ಣೆ ಬರುವುದೂ ಪೆಟ್ರೋಲಿನ ಬೆನ್ನ ಮೇಲೆಯೇ. ಪೆಟ್ರೋಲ್ ಕಡಿಮೆಯಾದರೆ ತಂಪೂ ಹೋಯಿತು, ಜಿಡ್ಡೂ ಹೋಯಿತು. ಪಿಸ್ಟನ್ ಉಬ್ಬಿ ಸಿಲಿಂಡರಿನ ಗೋಡೆಗೆ ಅಂಟಿಕೊಳ್ಳಲು ಹೆಚ್ಚು ಹೊತ್ತು ಬೇಡ.

ಅದಕ್ಕೆಂದು ಡಬ್ಬಕ್ಕೆ ಇನ್ನಷ್ಟು ಎಣ್ಣೆ ಸುರಿಯುವುದು ಪರಿಹಾರವಲ್ಲ. ಲೀಟರಿಗೆ 20 ಮಿಲಿ ಎಂದು ಕಂಪನಿಯ ಪುಸ್ತಕದಲ್ಲಿದ್ದರೆ 20 ಮಿಲಿ ಹಾಕಿ, 40 ಎಂದಿದ್ದರೆ 40 ಹಾಕಿ. ಎಣ್ಣೆ ಹೆಚ್ಚಾದಷ್ಟೂ ಅದೇ ತೂತಿನಲ್ಲಿ ಹಾದುಹೋಗುವ ಪೆಟ್ರೋಲ್ ಕಡಿಮೆಯಾಗುತ್ತದೆ. ವ್ಯತ್ಯಾಸ ಸಣ್ಣದು, ಆದರೆ ಅದು ಹೋಗುವುದು ತಪ್ಪು ದಿಕ್ಕಿಗೆ. ಪಿಸ್ಟನ್ನಿನ ಸುತ್ತಲೂ, ನಾಲ್ಕೂ ಮುಖಕ್ಕೆ ಸಮನಾಗಿ ಗೀರು ಬಿದ್ದಿದ್ದರೆ ಎಣ್ಣೆ ಬೆರೆಸದ ಪೆಟ್ರೋಲ್ ಹೋಗಿದೆಯೆಂದು ನಾನು ಮೊದಲು ಅನುಮಾನಿಸುತ್ತೇನೆ. ನಿಮ್ಮ ಕೈಯಲ್ಲಿರುವ ಪಿಸ್ಟನ್ನಿನ ಹಾಗೆ ಒಂದೇ ಮುಖದಲ್ಲಿದ್ದರೆ ಲೀನ್ ಕಡೆಗೆ ನೋಡುತ್ತೇನೆ.

ಇನ್ನು ಎಂಜಿನ್ ಉಸಿರಾಡುವ ಬಗೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಕೇಸ್, ಅಂದರೆ ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ದಂಡ ತಿರುಗುವ ಪೆಟ್ಟಿಗೆ, ಎಣ್ಣೆ ತುಂಬಿಟ್ಟ ಪಾತ್ರೆ. ನಮ್ಮ ಹುಲ್ಲಿನ ಯಂತ್ರದಂಥ ಟೂ ಸ್ಟ್ರೋಕಿನಲ್ಲಿ ಅದೇ ಶ್ವಾಸಕೋಶ. ಪಿಸ್ಟನ್ ಮೇಲೇರಿದಾಗ ಕೆಳಗಿನ ಕ್ರ್ಯಾಂಕ್ ಕೇಸ್ ಕಾರ್ಬೊರೇಟರಿನಿಂದ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಪಿಸ್ಟನ್ ಇಳಿದಾಗ ಅದನ್ನು ಒತ್ತಿ ಸಿಲಿಂಡರಿಗೆ ಕಳುಹಿಸುತ್ತದೆ. ಹಾಗಾಗಿ ಕ್ರ್ಯಾಂಕಿನ ಎರಡೂ ತುದಿಯ ಆಯಿಲ್ ಸೀಲ್ ಎಂಬ ರಬ್ಬರ್ ಉಂಗುರ, ಕೇಸಿನ ನಡುವಿನ ಗ್ಯಾಸ್ಕೆಟ್, ಸಿಲಿಂಡರಿನ ಬುಡದ ಗ್ಯಾಸ್ಕೆಟ್, ಕಾರ್ಬೊರೇಟರ್ ಕೂರುವ ಕಪ್ಪು ತುಂಡು, ಇವೆಲ್ಲ ಗಾಳಿಯ ದಾರಿಯಲ್ಲೇ ಇವೆ. ನಾಲ್ಕು ಸ್ಟ್ರೋಕಿನ ಬೈಕಿನ ಸೀಲ್ ಹೋದರೆ ನೆಲದ ಮೇಲೆ ಎಣ್ಣೆಯ ಕಲೆ ಬಿದ್ದು ನಿಮಗೆ ಗೊತ್ತಾಗುತ್ತದೆ. ಇಲ್ಲಿ ಸೀಲ್ ಹೋದರೆ ನೆಲಕ್ಕೆ ಬೀಳುವುದು ಏನೂ ಇಲ್ಲ. ಕಾರ್ಬೊರೇಟರಿನ ಲೆಕ್ಕಕ್ಕೆ ಸಿಗದ ಗಾಳಿ ಸದ್ದಿಲ್ಲದೆ ಒಳಗೆ ಹೋಗುತ್ತದೆ. ಅದನ್ನು ನಾನು ಕಳ್ಳಗಾಳಿ ಎನ್ನುತ್ತೇನೆ.

ಲೀನ್ ಆಗುವುದಕ್ಕೆ ಇರುವುದು ಎರಡೇ ದಾರಿ. ಬರಬೇಕಾದ ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಬರಬಾರದ ಗಾಳಿ ಬರುತ್ತಿದೆ. ಎರಡರಲ್ಲೂ ಪ್ಲಗ್ ಬೆಳ್ಳಗಾಗುತ್ತದೆ, ಎರಡರಲ್ಲೂ ಚೋಕ್ ಅರ್ಧ ಎಳೆದರೆ ಎಂಜಿನ್ ಚೇತರಿಸಿಕೊಳ್ಳುತ್ತದೆ, ಎರಡರಲ್ಲೂ ಸ್ಕ್ರೂ ತುಸು ತೆರೆದರೆ ಸದ್ಯಕ್ಕೆ ಸರಿಹೋದಂತೆ ಅನ್ನಿಸುತ್ತದೆ. ಹಾಗಿದ್ದರೆ ಬೇರೆ ಮಾಡುವುದು ಹೇಗೆ? ಯಂತ್ರ ಬಿಚ್ಚುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ತೊಂದರೆ ಯಾವಾಗ ಬರುತ್ತದೆ? ನಿಧಾನದಲ್ಲೋ, ಪೂರ್ತಿ ರೇಸಿನಲ್ಲೋ?

ನಿಮ್ಮ ತೋಟದ ಸ್ಪ್ರಿಂಕ್ಲರ್ ಲೈನನ್ನು ನೆನೆಸಿಕೊಳ್ಳಿ. ಫಿಲ್ಟರಿನಲ್ಲಿ ಅರ್ಧ ಕಸ ಕಟ್ಟಿದ್ದರೂ ಒಂದು ಜೆಟ್ ಚೆನ್ನಾಗಿಯೇ ತಿರುಗುತ್ತದೆ. ಹತ್ತನ್ನೂ ತೆರೆದಾಗಲೇ ಕೊನೆಯವು ತಲೆ ಬಾಗಿಸುವುದು. ಎಂಜಿನ್ನಿನ ಪೆಟ್ರೋಲ್ ದಾರಿಯೂ ಹಾಗೆಯೇ. ನಿಧಾನದಲ್ಲಿ ಅದಕ್ಕೆ ಬೇಕಾದದ್ದು ಕೆಲವೇ ಹನಿ, ಕಟ್ಟಿಕೊಂಡ ಫಿಲ್ಟರಿನಿಂದಲೂ ಅಷ್ಟು ಬರುತ್ತದೆ. ಪೂರ್ತಿ ರೇಸ್ ಕೊಟ್ಟು ದಟ್ಟ ಹುಲ್ಲಿಗೆ ನುಗ್ಗಿಸಿದಾಗ ಸಾಲದೆ ಬರುತ್ತದೆ; ಅರ್ಧ ನಿಮಿಷ ಚೆನ್ನಾಗಿ ಓಡಿ ಆಮೇಲೆ ಉಸಿರುಕಟ್ಟುತ್ತದೆ.

ಕಳ್ಳಗಾಳಿಯ ನಡತೆ ಇದಕ್ಕೆ ತಿರುಗುಮುರುಗು. ಸೀಲಿನ ಬಿರುಕಿನ ಗಾತ್ರ ಬದಲಾಗುವುದಿಲ್ಲ. ನಿಧಾನದಲ್ಲಿ ಕಾರ್ಬೊರೇಟರಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುವುದರಿಂದ ಒಳಗೆ ಹೋಗುವ ಒಟ್ಟು ಗಾಳಿಯಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. ಪೂರ್ತಿ ತೆರೆದಾಗ ಅದೇ ಬಿರುಕು ದೊಡ್ಡ ಹೊಳೆಗೆ ಸೇರಿದ ಸಣ್ಣ ತೋಡಿನಂತೆ. ಹಾಗಾಗಿ ಕಳ್ಳಗಾಳಿ ತನ್ನನ್ನು ತೋರಿಸಿಕೊಳ್ಳುವುದು ನಿಧಾನದಲ್ಲಿ. ಎಂಜಿನ್ ಒಮ್ಮೆ ಏರಿ ಒಮ್ಮೆ ಇಳಿಯುತ್ತಿರುತ್ತದೆ. ರೇಸ್ ಬಿಟ್ಟರೂ ವೇಗ ಕೂಡಲೇ ಇಳಿಯದೆ ಮೂರು, ನಾಲ್ಕು ಸೆಕೆಂಡು ಮೇಲೆಯೇ ತೂಗಾಡುತ್ತದೆ. ರೇಸ್ ಕೊಡದಿದ್ದರೂ ಬ್ಲೇಡ್ ತಿರುಗುತ್ತದೆ. ಪೂರ್ತಿ ರೇಸಿನಲ್ಲಿ ಪಾಲು ಸಣ್ಣದಾದರೂ ಪಿಸ್ಟನ್ ಸುಡಲು ಅಷ್ಟು ಸಾಕು ಎಂಬುದನ್ನು ಮಾತ್ರ ಮರೆಯಬೇಡಿ.

ಎರಡು ಮಳೆಗಾಲದ ಹಿಂದೆ ಪರಿಚಯದ ಕೃಷಿಕರೊಬ್ಬರು ಒಂದು ಯಂತ್ರ ತಂದರು. ಒಂದೇ ಹಂಗಾಮಿನಲ್ಲಿ ಎರಡು ಪಿಸ್ಟನ್ ಬದಲಾಗಿತ್ತು. ಎರಡು ಸಲವೂ ರಿಪೇರಿ ಮಾಡಿದವರು ಹೊಸ ಪಿಸ್ಟನ್ ಹಾಕಿ, ಎಂಜಿನ್ ಕಿರುಚುವುದನ್ನು ಕೇಳಿ ಸ್ಕ್ರೂ ಇನ್ನಷ್ಟು ತೆರೆದು ಕೊಟ್ಟಿದ್ದರು. ತಣಿದಿದ್ದ ಎಂಜಿನ್ನನ್ನು ನಾನು ಹೇಗೋ ಸ್ಟಾರ್ಟ್ ಮಾಡಿ ನಿಧಾನದಲ್ಲಿ ಬಿಟ್ಟೆ. ವೇಗ ಏರುತ್ತ ಇಳಿಯುತ್ತ ಇತ್ತು. ಯಂತ್ರವನ್ನು ಎಡಕ್ಕೆ ವಾಲಿಸಿದೆ, ಬದಲಾಗಲಿಲ್ಲ. ಬಲಕ್ಕೆ ವಾಲಿಸಿದಾಗ ತಟಕ್ಕನೆ ವೇಗ ಏರಿತು. ಕ್ರ್ಯಾಂಕಿನ ಭಾರ ಒಂದು ಕಡೆ ಬಿದ್ದಾಗ ಸೀಲಿನ ಬಾಯಿ ಅಗಲವಾಗುತ್ತಿರಬಹುದು ಎಂಬ ಅನುಮಾನ ಬಂತು. ಅನುಮಾನ ಅಷ್ಟೇ, ವಾಲಿಸಿದಾಗ ಟ್ಯಾಂಕಿನ ಫಿಲ್ಟರ್ ಪೆಟ್ರೋಲಿನಿಂದ ಹೊರಗೆ ಬಂದರೂ ಹೀಗಾಗುತ್ತದೆ. ಟ್ಯಾಂಕ್ ತುಂಬಿಸಿ ಮತ್ತೆ ವಾಲಿಸಿದೆ. ಅದೇ ಕಥೆ.

ಎಂಜಿನ್ ತಣಿದ ಮೇಲೆ ಕಾರ್ಬೊರೇಟರ್ ಮತ್ತು ಸೈಲೆನ್ಸರ್ ಬಿಚ್ಚಿ, ಆ ಎರಡೂ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಇಟ್ಟು, ಮೇಲೆ ತಗಡು ಇಟ್ಟು ಬೋಲ್ಟ್ ಬಿಗಿದೆ. ಪಿಸ್ಟನ್ನನ್ನು ಪೂರ್ತಿ ಕೆಳಗಿಳಿಸಿದೆ, ಆಗ ಸಿಲಿಂಡರಿಗೂ ಕ್ರ್ಯಾಂಕ್ ಕೇಸಿಗೂ ಒಳದಾರಿ ತೆರೆದಿರುತ್ತದೆ. ಪ್ಲಗ್ಗಿನ ತೂತಿನಿಂದ ಗಾಳಿ ಹಾಕಿದೆ. ಇದಕ್ಕೆ ನಾನು ಬಳಸುವುದು ರಕ್ತದೊತ್ತಡ ನೋಡುವ ಹಳೆಯ ಉಪಕರಣದ ರಬ್ಬರ್ ಬಲ್ಬು ಮತ್ತು ಮುಳ್ಳಿನ ಮೀಟರು. ಅದರ 300 ಎಂಬ ಗುರುತು ಸುಮಾರು 0.4 ಬಾರ್‌ಗೆ ಸಮ. ಈ ಕೆಲಸಕ್ಕೆ ಅಷ್ಟು ಒತ್ತಡ ಸಾಕು. ದಯವಿಟ್ಟು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಬೇಡಿ, ಒಳ್ಳೆಯ ಸೀಲೂ ಕಿತ್ತು ಬರುತ್ತದೆ. ಮುಳ್ಳು 300ರಲ್ಲಿ ನಿಂತಿತು. ಒಂದು ನಿಮಿಷ ಕಾದೆ, ಕದಲಲಿಲ್ಲ. ಕೀಲುಗಳಿಗೆಲ್ಲ ಸೋಪಿನ ನೀರು ಹಚ್ಚಿದೆ, ಒಂದು ಗುಳ್ಳೆಯೂ ಇಲ್ಲ.

ಹೆಚ್ಚಿನವರು ಪರೀಕ್ಷೆಯನ್ನು ಇಲ್ಲಿಗೆ ಮುಗಿಸುತ್ತಾರೆ. ಆದರೆ ಸೀಲಿನ ತುಟಿ ಒಳಮುಖವಾಗಿರುತ್ತದೆ. ಒಳಗಿನಿಂದ ಒತ್ತಿದರೆ ಆ ತುಟಿ ಕ್ರ್ಯಾಂಕನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಒಳಗಿನಿಂದ ಎಳೆದರೆ ಸವೆದ ತುಟಿ ಮೇಲೇಳುತ್ತದೆ. ಹಾಗಾಗಿ ಬ್ರೇಕ್ ಕೆಲಸಕ್ಕೆ ಬಳಸುವ ಕೈಪಂಪಿನಿಂದ ಗಾಳಿಯನ್ನು ಹೊರಗೆಳೆದೆ. ಮುಳ್ಳು ಕಣ್ಣೆದುರಿಗೇ ಇಳಿಯತೊಡಗಿತು. ಫ್ಲೈವೀಲ್ ತೆಗೆದು ಆ ಕಡೆಯ ಸೀಲಿನ ಸುತ್ತ ಎರಡು ಹನಿ ಎಣ್ಣೆ ಬಿಟ್ಟು ಮತ್ತೆ ಎಳೆದೆ. ಮುಳ್ಳು ನಿಂತಿತು, ಎಣ್ಣೆ ಬಿರುಕಿಗೆ ಇಳಿದು ಅದನ್ನು ಕ್ಷಣಕಾಲ ಮುಚ್ಚಿತ್ತು. ಎರಡು ಪಿಸ್ಟನ್ ಸೆಟ್ಟಿನ ಹಣ ನುಂಗಿದ್ದು ಉಂಗುರದ ಗಾತ್ರದ ಒಂದು ರಬ್ಬರ್ ಸೀಲ್. ಅದರ ಪಕ್ಕದ ಬೇರಿಂಗಿನಲ್ಲೂ ಆಟ ಇತ್ತು, ಅದನ್ನೂ ಬದಲಿಸಿದೆ. ಬೇರಿಂಗ್ ಹಾಗೆಯೇ ಬಿಟ್ಟಿದ್ದರೆ ಹೊಸ ಸೀಲೂ ಬೇಗನೆ ಹೋಗುತ್ತಿತ್ತು. ಆ ಎರಡನೆಯ ಪಿಸ್ಟನ್ನೇ ಈಗ ನಿಮ್ಮ ಸಾಲಿನಲ್ಲಿ ಓಡಾಡುತ್ತಿರುವುದು.

ಎಲ್ಲರೂ ಈ ಪರೀಕ್ಷೆ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ರಿಪೇರಿಗೆ ಕೊಡುವಾಗ “ಪಿಸ್ಟನ್ ಹಾಕಿ” ಎನ್ನಬೇಡಿ. “ಗಾಳಿ ಎಳೆದು ನೋಡಿ, ಆಮೇಲೆ ಪಿಸ್ಟನ್ ಹಾಕಿ” ಎನ್ನಿ. ಕಾರಣ ಹುಡುಕದೆ ಹಾಕಿದ ಪಿಸ್ಟನ್ ನೀವು ಮುಂಗಡ ಕೊಟ್ಟು ಕೊಂಡ ಗುಜರಿ.

ಪೆಟ್ರೋಲ್ ದಾರಿಯ ತಪಾಸಣೆ ಇದಕ್ಕಿಂತ ಸುಲಭ, ತೋಟದಲ್ಲಿ ನಿಂತೇ ಮಾಡಬಹುದು. ಮೊದಲು ಟ್ಯಾಂಕಿನ ಮುಚ್ಚಳ. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಟ್ಯಾಂಕಿನ ಒಳಗೆ ಬರಲೇಬೇಕು, ಅದಕ್ಕೊಂದು ಸಣ್ಣ ದಾರಿ ಇರುತ್ತದೆ. ಅದು ಧೂಳು, ಹುಲ್ಲಿನ ಪುಡಿಯಿಂದ ಮುಚ್ಚಿದರೆ ಎಂಜಿನ್ ಹತ್ತು, ಹದಿನೈದು ನಿಮಿಷ ಓಡಿ ನಿಲ್ಲುತ್ತದೆ. ನಿಂತ ಮೇಲೆ ಎಂಜಿನ್ ತುಸು ತಣಿಯಲು ಬಿಟ್ಟು ಮುಚ್ಚಳ ಸಡಿಲಿಸಿ. ‘ಸುಯ್’ ಎಂದು ಗಾಳಿ ಒಳಗೆ ಹೋದರೆ ಕಾರಣ ಸಿಕ್ಕಿತು. ಆಮೇಲೆ ಟ್ಯಾಂಕಿನೊಳಗಿನ ಫಿಲ್ಟರ್. ಕೊಕ್ಕೆಯ ತಂತಿಯಿಂದ ಹೊರಗೆಳೆದು ನೋಡಿ, ಕಪ್ಪಾಗಿದ್ದರೆ ಬದಲಿಸಿ. ಪೈಪನ್ನು ಬಗ್ಗಿಸಿ ನೋಡಿ. ಟ್ಯಾಂಕಿನ ಗೋಡೆ ದಾಟುವ ಜಾಗದಲ್ಲಿ ಕೂದಲೆಳೆಯ ಬಿರುಕು ಇರುತ್ತದೆ, ಬಗ್ಗಿಸಿದರೆ ಮಾತ್ರ ಕಾಣುತ್ತದೆ. ಬಿರುಕು ಬಿಟ್ಟ ಪೈಪ್ ಪೆಟ್ರೋಲಿನ ಜೊತೆ ಗಾಳಿಯನ್ನೂ ಎಳೆಯುತ್ತದೆ.

ಅದರ ನಂತರ ಕಾರ್ಬೊರೇಟರ್. ಇಲ್ಲಿ ಹಳೆಯ ಯೆಜ್ಡಿ ಓಡಿಸಿದ ಹಿರಿಯರು ಕೆಲವರಿದ್ದೀರಿ. 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಆ ಟೂ ಸ್ಟ್ರೋಕ್ ಬೈಕುಗಳಿಗೆ, ಪೆಟ್ರೋಲಿನ ಮಟ್ಟ ಕಾಯುವ ತೇಲುಗುಂಡಿನ ಕಾರ್ಬೊರೇಟರ್ ಇತ್ತು. ಘಾಟಿ ಇಳಿಯುವಾಗ ಆಗಾಗ ಒಂದಿಷ್ಟು ರೇಸ್ ಕೊಡಬೇಕೆಂದು ಆಗಿನವರು ಹೇಳುತ್ತಿದ್ದುದಕ್ಕೂ ಇಂದಿನ ವಿಷಯಕ್ಕೂ ಸಂಬಂಧವಿದೆ. ರೇಸ್ ಮುಚ್ಚಿ ಗೇರಿನಲ್ಲಿ ಇಳಿಯುವ ಎಂಜಿನ್ ವೇಗವಾಗಿ ತಿರುಗುತ್ತಿದ್ದರೂ ಅದಕ್ಕೆ ಪೆಟ್ರೋಲ್ ಸಿಗುವುದಿಲ್ಲ, ಪೆಟ್ರೋಲ್ ಇಲ್ಲದೆ ಎಣ್ಣೆಯೂ ಸಿಗುವುದಿಲ್ಲ.

ಹುಲ್ಲಿನ ಯಂತ್ರವನ್ನು ಹೇಗೆ ಬೇಕಾದರೂ ವಾಲಿಸಬೇಕಾದ್ದರಿಂದ ಅದರಲ್ಲಿ ತೇಲುಗುಂಡು ಇಲ್ಲ, ಡಯಾಫ್ರಾಮ್ ಎಂಬ ಎರಡು ತೆಳು ಪೊರೆಗಳಿವೆ. ಒಂದು ಪಂಪು: ಕ್ರ್ಯಾಂಕ್ ಕೇಸಿನ ಒತ್ತಡದ ಏರಿಳಿತ ಒಂದು ಸಣ್ಣ ತೂತಿನಿಂದ ಬಂದು ಅದನ್ನು ಮಿಡಿಸುತ್ತದೆ. ಗ್ಯಾಸ್ಕೆಟ್ ತಿರುಗುಮುರುಗು ಹಾಕಿ ಆ ತೂತನ್ನು ಮುಚ್ಚಿದರೆ ಪೆಟ್ರೋಲ್ ಏರುವುದೇ ಇಲ್ಲ. ಇನ್ನೊಂದು, ಎಷ್ಟು ಪೆಟ್ರೋಲ್ ಬಿಡಬೇಕೆಂದು ಅಳೆಯುವ ಡಯಾಫ್ರಾಮ್. ಅದನ್ನು ಬಿಚ್ಚಿ ಬೆರಳಿನಲ್ಲಿ ಅಲುಗಿಸಿ. ಹೊಸದು ಸೀರೆಯ ಸೆರಗಿನಂತೆ ಮೆತ್ತಗೆ ಬಳುಕುತ್ತದೆ, ಹಳೆಯದು ಹಾಳೆತಟ್ಟೆಯಂತೆ ಪಟಪಟ ಎನ್ನುತ್ತದೆ. ಗಟ್ಟಿಯಾದ ಡಯಾಫ್ರಾಮ್ ಪೆಟ್ರೋಲ್ ಒಳಬಿಡುವ ಸೂಜಿಯನ್ನು ಪೂರ್ತಿ ತೆರೆಯುವುದಿಲ್ಲ, ಪೆಟ್ರೋಲ್ ಸಾಲುವುದಿಲ್ಲ. ಒಳಬರುವ ದಾರಿಯಲ್ಲಿ ಉಗುರಿಗಿಂತ ಚಿಕ್ಕ ಜಾಲರಿಯೊಂದಿದೆ, ಅದನ್ನೂ ಬೆಳಕಿಗೆ ಹಿಡಿದು ನೋಡಿ. ಡಯಾಫ್ರಾಮ್ ಇರುವಾಗಲೇ ಕಂಪ್ರೆಸರ್ ಗಾಳಿ ಊದಿ ಅದನ್ನು ಹರಿದುಕೊಂಡವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ.

ಡಯಾಫ್ರಾಮ್ ಯಾಕೆ ಗಟ್ಟಿಯಾಗುತ್ತದೆ? ವಯಸ್ಸು ಒಂದು ಕಾರಣ, ಇನ್ನೊಂದು ಎಥನಾಲ್. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಸಿಕ್ಕಿತು, ಇಂದು ಬಂಕಿನಲ್ಲಿ ಸಿಗುವುದು ಸಾಮಾನ್ಯವಾಗಿ ಅದೇ. ಕಬ್ಬು, ಮೆಕ್ಕೆಜೋಳ ಬೆಳೆಯುವ ನಮ್ಮ ರೈತರಿಗೆ ಅದರಿಂದ ಮಾರುಕಟ್ಟೆ ಸಿಕ್ಕಿರುವುದು ಒಳ್ಳೆಯದೇ. ಆದರೆ ಸಣ್ಣ ಎಂಜಿನ್ನಿನ ಪುಸ್ತಕ ತೆರೆದು ನೋಡಿ, ಹಲವು ಕಂಪನಿಗಳು 10 ಶೇಕಡಾವರೆಗೆ ಮಾತ್ರ ಒಪ್ಪುತ್ತವೆ. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ಬರುತ್ತದೆ. ಹಾಗಾಗಿ ಹಿಂದೆ ಸರಿಯಾಗಿದ್ದ ಅದೇ ಸ್ಕ್ರೂ, ಅದೇ ತೂತು ಈಗ ಲೀನ್ ಕಡೆಗೆ ವಾಲುತ್ತದೆ.

ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಬಿಟ್ಟು ಯಂತ್ರವನ್ನು ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದರೆ ಸೆಪ್ಟೆಂಬರಿನಲ್ಲಿ ಅದು ಎರಡು ಪದರವಾಗಿರಬಹುದು. ಕೆಳಗೆ ನೀರು ಮತ್ತು ಎಥನಾಲ್, ಮೇಲೆ ಪೆಟ್ರೋಲ್. ನೀವು ಬೆರೆಸಿದ ಎಣ್ಣೆ ಉಳಿಯುವುದು ಮೇಲಿನ ಪದರದಲ್ಲಿ. ಫಿಲ್ಟರ್ ಮಲಗಿರುವುದು ಟ್ಯಾಂಕಿನ ತಳದಲ್ಲಿ. ಮೊದಲ ದಿನ ಎಂಜಿನ್ ಸ್ಟಾರ್ಟ್ ಆದರೂ ಅದು ಕುಡಿಯುವುದು ಎಣ್ಣೆಯಿಲ್ಲದ ನೀರು ಬೆರೆತ ದ್ರವ. ಹಳೆಯ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಬಿಡಿ. ನಡುವೆ ಗೆರೆ ಕಂಡರೆ ಅದನ್ನು ಎಂಜಿನ್ನಿಗೆ ಹಾಕಲೇಬೇಡಿ. ಹಂಗಾಮು ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ನಿಧಾನದಲ್ಲಿ ಓಡಿಸಿ ಕಾರ್ಬೊರೇಟರನ್ನೂ ಒಣಗಿಸಿ ಇಡಿ.

ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಇನ್ನೊಂದು ಮಾತು. ಮಡಿಕೇರಿ ಸಮುದ್ರಮಟ್ಟದಿಂದ ಸಾವಿರದ ನೂರು ಮೀಟರಿಗೂ ಎತ್ತರದಲ್ಲಿದೆ, ಅಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಸುಮಾರು ಹತ್ತನೇ ಒಂದು ಪಾಲು ತೆಳು. ಅಲ್ಲಿ ಸರಿಯಾಗಿ ಹೊಂದಿಸಿದ ಯಂತ್ರವನ್ನು ಸುಳ್ಯದ ತೋಟಕ್ಕೆ ಇಳಿಸಿದರೆ ಅದೇ ಸ್ಕ್ರೂವಿನಲ್ಲಿ ಮಿಶ್ರಣ ಸುಮಾರು ಐದು ಶೇಕಡಾ ಲೀನ್ ಆಗುತ್ತದೆ. ಒಂದೇ ಯಂತ್ರ ಅಣ್ಣನ ಕಾಫಿ ತೋಟಕ್ಕೂ ತಮ್ಮನ ಅಡಿಕೆ ತೋಟಕ್ಕೂ ಓಡಾಡುತ್ತಿದ್ದರೆ ಕೆಳಗೆ ಹೊಂದಿಸಿದ್ದನ್ನೇ ಇಟ್ಟುಕೊಳ್ಳಿ. ಮೇಲೆ ಹೋದಾಗ ತುಸು ಹೊಗೆ ಬಂದರೂ ಪಿಸ್ಟನ್ ಉಳಿಯುತ್ತದೆ.

ಸ್ಕ್ರೂ ಮುಟ್ಟುವ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ. ಸೋರಿಕೆ ಇಲ್ಲ, ಪೆಟ್ರೋಲ್ ಹೊಸದು, ಏರ್ ಫಿಲ್ಟರ್ ಶುಭ್ರವಾಗಿದೆ ಮತ್ತು ಜಾಗದಲ್ಲೇ ಇದೆ. ಶಕ್ತಿ ಹೆಚ್ಚುತ್ತದೆಂದು ಫಿಲ್ಟರ್ ಕಿತ್ತೆಸೆಯುವವರಿದ್ದಾರೆ. ಆಗ ಧೂಳೂ ಒಳಗೆ ಹೋಗುತ್ತದೆ, ಮಿಶ್ರಣವೂ ಲೀನ್ ಆಗುತ್ತದೆ. ಎಂಜಿನ್ ಐದು ನಿಮಿಷ ಓಡಿ ಬಿಸಿಯಾಗಲಿ. ನಿಧಾನದ ಮಿಶ್ರಣ ಹೊಂದಿಸುವ, ಎಲ್ ಎಂದು ಗುರುತಿರುವ ಸ್ಕ್ರೂವನ್ನು ನಿಧಾನದಲ್ಲಿ ವೇಗ ಅತಿ ಹೆಚ್ಚಾಗುವ ಜಾಗಕ್ಕೆ ತಂದು, ಅಲ್ಲಿಂದ ಕಾಲು ಸುತ್ತಿನೊಳಗೆ ತೆರೆಯಿರಿ. ರೇಸ್ ಕೊಟ್ಟಾಗ ತಡವರಿಸದೆ ಏರಬೇಕು. ಪೂರ್ತಿ ರೇಸಿನ ಮಿಶ್ರಣ ಹೊಂದಿಸುವ ಎಚ್ ಸ್ಕ್ರೂವಿಗೆ ಕಿವಿಯೇ ಮೀಟರು. ಕತ್ತರಿಸುವ ತಲೆ ಜೋಡಿಸಿಕೊಂಡು, ಹುಲ್ಲಿಗೆ ತಾಗಿಸದೆ ಪೂರ್ತಿ ರೇಸ್ ಕೊಟ್ಟಾಗ ಶಬ್ದದಲ್ಲಿ ಒಂದು ಗೊರಗೊರ ಇರಬೇಕು, ಗಂಟಲಲ್ಲಿ ಕಫ ಇದ್ದಂತೆ. ಹುಲ್ಲಿಗೆ ಇಟ್ಟು ಭಾರ ಬಿದ್ದಾಗ ಆ ಗೊರಗೊರ ಮಾಯವಾಗಿ ಶಬ್ದ ತಿಳಿಯಾಗಬೇಕು. ಭಾರ ಇಲ್ಲದಾಗಲೇ ಶಬ್ದ ತಿಳಿಯಾಗಿ, ಚೂಪಾಗಿ ಇದ್ದರೆ ನೀವು ಲೀನ್‌ನಲ್ಲಿದ್ದೀರಿ. ಈಚಿನ ಕೆಲವು ಯಂತ್ರಗಳಲ್ಲಿ ಎಚ್ ಸ್ಕ್ರೂ ಇರುವುದಿಲ್ಲ, ಇದ್ದರೂ ಹೆಚ್ಚು ತಿರುಗದಂತೆ ಟೊಪ್ಪಿ ಹಾಕಿರುತ್ತಾರೆ. ಅಂಥದ್ದರಲ್ಲಿ ಲೀನ್ ಬಂದರೆ ಕಾರಣವನ್ನೇ ಹುಡುಕಬೇಕು, ಬೇರೆ ದಾರಿ ಇಲ್ಲ.

ಪ್ರಶ್ನೆಗಳಿಗೆ ಸಮಯವಾಯಿತು. ಹಿಂದಿನ ಸಾಲಿನ ಹಿರಿಯರು ಕೇಳಿದರು: “ಶಬ್ದ ಕೇಳಿ ಎನ್ನುತ್ತೀರಿ. ಕೆಲಸದ ಹುಡುಗರು ಕಿವಿಗೆ ಹಾಡು ಹಾಕಿಕೊಂಡು ಹುಲ್ಲು ಹೊಡೆಯುತ್ತಾರೆ. ಅವರಿಗೆ ಗೊತ್ತಾಗುವುದು ಹೇಗೆ?”

ಒಳ್ಳೆಯ ಪ್ರಶ್ನೆ. ಕಿವಿಗೆ ರಕ್ಷಣೆ ಬೇಕೇ ಬೇಕು, ಈ ಯಂತ್ರಗಳ ಸದ್ದು ಕಿವಿಯನ್ನು ಹಾಳು ಮಾಡುತ್ತದೆ. ಆದರೆ ಹಾಡು ಬೇಡ. ಕಿವಿಮುಚ್ಚುಗ ಹಾಕಿದ್ದರೂ ಶಬ್ದ ಬದಲಾದದ್ದು ತಿಳಿಯುತ್ತದೆ, ಹಾಡಿದ್ದರೆ ತಿಳಿಯುವುದಿಲ್ಲ. ಪ್ರತಿ ಸಲ ಪೆಟ್ರೋಲ್ ತುಂಬಿಸಿ ಹೊರಟಾಗ ಹುಲ್ಲಿಗೆ ಇಡುವ ಮೊದಲು ಎರಡು ಸೆಕೆಂಡು ಪೂರ್ತಿ ರೇಸ್ ಕೊಟ್ಟು ಗೊರಗೊರ ಇದೆಯೇ ಎಂದು ಕೇಳಲಿ. ರೇಸ್ ಬಿಟ್ಟ ಮೇಲೆ ಬ್ಲೇಡ್ ನಿಲ್ಲುತ್ತದೆಯೇ ಎಂದು ನೋಡಲಿ. ಟ್ಯಾಂಕ್ ಖಾಲಿಯಾಗುವ ಹೊತ್ತಿಗೆ ಎಂಜಿನ್ ಕಿರುಚಲು ತೊಡಗಿದರೆ “ಇನ್ನೊಂದು ಸಾಲು ಮುಗಿಸುತ್ತೇನೆ” ಎನ್ನದೆ ಅಲ್ಲೇ ನಿಲ್ಲಿಸಲಿ, ಪೆಟ್ರೋಲ್ ಮುಗಿಯುವ ಆ ಕೊನೆಯ ನಿಮಿಷವೂ ಲೀನ್‌ನದೇ.

ಮುಂದಿನ ಸಾಲಿನ ತಾಯಿಯೊಬ್ಬರ ಪ್ರಶ್ನೆ: ರೇಸ್ ಬಿಟ್ಟರೂ ಎಂಜಿನ್ ಕಿರುಚುತ್ತಲೇ ಇದ್ದು, ಸ್ವಿಚ್ ಒತ್ತಿದರೂ ನಿಲ್ಲದಿದ್ದರೆ? ಹಾಗೂ ಆಗುವುದುಂಟು. ಒಳಗೆ ಕೆಂಪಗೆ ಕಾದ ಇಂಗಾಲದ ಚೂರೇ ಕಿಡಿಯ ಕೆಲಸ ಮಾಡುತ್ತಿರುತ್ತದೆ. ಬ್ಲೇಡನ್ನು ನಿಮ್ಮಿಂದ ಮತ್ತು ಇತರರಿಂದ ದೂರಕ್ಕೆ ತಿರುಗಿಸಿ ಹಿಡಿದು ಚೋಕನ್ನು ಪೂರ್ತಿ ಮುಚ್ಚಿ. ಗಾಳಿ ನಿಲ್ಲುತ್ತದೆ, ಪೆಟ್ರೋಲ್ ಒಮ್ಮೆಲೇ ನುಗ್ಗಿ ಒಳಗನ್ನು ತಣಿಸುತ್ತದೆ, ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಆ ಮೇಲೆ ಅದನ್ನು ಮತ್ತೆ ಎಳೆಯಬೇಡಿ. ಹಾಗೆಯೇ ತನ್ನಿ.